ಗಿರಣಿ ಸೈರನ್ ಮತ್ತೆ ಕೂಗಿದ್ದು

ನಮ್ಮೂರ ಬಟ್ಟೆ ಗಿರಣಿ ಮುಚ್ಚಿ ಆಗ ಹದಿನೈದು ವರ್ಷವಾಗಿತ್ತು, ಮಕ್ಕಳೇ. ಉಳಿದವನು ಕಾವಲುಗಾರ ಹಾಲಪ್ಪ ಒಬ್ಬನೇ. ಒಂದಿನ ಗಿರಣಿಯ ದೊಡ್ಡ ಸಾಹೇಬರು ಬಂದು ಗದರಿದರು.

“ನಾಳೆ ಜರ್ಮನಿಯವರು ಬಂಡವಾಳ ಹಾಕೋಕೆ ಈ ಗಿರಣಿ ನೋಡ್ತಾರೆ. ಗೇಟಿನ ಮುಂದೆ ದುಡಿಯೋ ಜನ ಕಾಣಬೇಕು. ಇಲ್ಲದಿದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ!”

“ಆಗ್ಲಿ ಸಾಹೇಬ್ರೆ,” ಅಂದ ಹಾಲಪ್ಪ.

ಬೆಳಿಗ್ಗೆ ಜರ್ಮನಿಯವರು ಕಾರು ಇಳಿದರು. ಹಾಲಪ್ಪ, ಕೆಲಸಕ್ಕೆ ಕರೀತಿದ್ದ ಹಳೇ ಸೈರನ್ನಿನ ಹಿಡಿ ತಿರುಗಿಸಿದ. ಅದು ಊಂ ಅಂತ ಕೂಗಿದ್ದೇ ತಡ, ಓಣಿ ಓಣಿಯಿಂದ ಗಿರಣಿಯಲ್ಲಿ ದುಡಿದಿದ್ದ ಮುದುಕರು ಅಂಗಿ ಗುಂಡಿ ಹಾಕಿಕೊಳ್ತಾ ಓಡಿದರು. ನಿಮ್ಮ ತಾತ ಅರ್ಧ ಕ್ಷೌರದಲ್ಲೇ ಎದ್ದರು. ನಾನು ಬುತ್ತಿ ಹಿಡಿದು ಹಿಂದೆ ಓಡಿದೆ. ಎಲ್ಲರೂ ಗೇಟಿನ ಮುಂದೆ ಸಾಲಾಗಿ ನಿಂತೇಬಿಟ್ಟರು.

ಸಾಹೇಬರು ಹಾಲಪ್ಪನನ್ನು ಪಕ್ಕಕ್ಕೆ ಕರೆದರು. “ಇಷ್ಟು ಜನಕ್ಕೆ ಯಾವಾಗ ಹೇಳಿ ಕಳಿಸಿದ್ಯೋ?”

“ನಾನೆಲ್ಲಿ ಹೇಳ್ದೆ ಸಾಹೇಬ್ರೆ? ಇವರು ಕಾಯ್ತಾನೇ ಇದ್ರು. ಕರೆಯೋರೇ ಇರಲಿಲ್ಲ.”