ಬೆಳ್ಳಿಯ ಊಟದ ಕಡ್ಡಿಗಳು

ಚೀನಾದ ಯುವರಾಜ ರುಯಿಲಿನ್ ಬಾತುಕೋಳಿಯ ಸಾರಿಗೆ ಅದ್ದಿದ ಊಟದ ಕಡ್ಡಿಗಳೆರಡೂ ಅರ್ಧದವರೆಗೆ ಕಪ್ಪಾದವು. ಅವು ಬೆಳ್ಳಿಯವು. ವಿಷ ಸೋಕಿದರೆ ಬೆಳ್ಳಿ ಕಪ್ಪಾಗುತ್ತದೆಂದೇ ಪಟ್ಟಕ್ಕೆ ಬರುವವನ ಊಟಕ್ಕೆ ಅವನ್ನು ಇಡುವುದು ಆ ಅರಮನೆಯ ಪದ್ಧತಿ.

"ಬಟ್ಟಲು ಕೆಳಗಿಡಿ, ಪ್ರಭು" ಎಂದವು ಬೆಳ್ಳಿಯ ಕಡ್ಡಿಗಳು.

ಯುವರಾಜ ಕೆಂಡವಾದ. "ನನ್ನೆದುರು ಮಸಿ ಮುಖ ಹೊತ್ತು ಬರುತ್ತೀರಾ? ಈ ಸಾರು ಕಳಿಸಿದವರು ಯಾರು ಗೊತ್ತೇ? ಅಪ್ಪನ ಕಿರಿಯ ರಾಣಿ, ನನ್ನ ಚಿಕ್ಕಮ್ಮ!"

"ಗೊತ್ತು. ಅವರಿಗೂ ಒಬ್ಬ ಮಗನಿದ್ದಾನೆ, ಅದೂ ಗೊತ್ತು."

ಪಕ್ಕದ ಪೆಟ್ಟಿಗೆಯಲ್ಲಿದ್ದ ಚಿನ್ನದ ಕಡ್ಡಿಗಳು ನಕ್ಕವು. "ಒಳ್ಳೆಯದನ್ನು ಕಾಣುವ ಕಣ್ಣೇ ಇವಕ್ಕಿಲ್ಲ, ಮಹಾಸ್ವಾಮಿ. ನಮ್ಮನ್ನು ಯಾವ ಸಾರಿನಲ್ಲಿ ಬೇಕಾದರೂ ಮುಳುಗಿಸಿ, ಬಣ್ಣ ಕೆಡುವುದಿಲ್ಲ."

"ಹೌದು, ವಿಷದಲ್ಲೂ ಹೊಳೆಯುತ್ತೀರಿ!" ಬೆಳ್ಳಿ ಸಿಡಿಯಿತು. "ನಾಚಿಕೆಯಾಗಬೇಕು ನಿಮಗೆ. ಇಲ್ಲಿ ಕಡ್ಡಿಗಳನ್ನು ಇಡುವುದು ಹೊಳೆಯಲಿ ಎಂದಲ್ಲ."

"ನಿಮ್ಮನ್ನು ಇನ್ನು ಮೇಲೆ ಇಡುವುದೂ ಇಲ್ಲ" ಎಂದು ಯುವರಾಜ ಬೆಳ್ಳಿಯ ಕಡ್ಡಿಗಳನ್ನು ಕಿಟಕಿಯಾಚೆಯ ತಾವರೆಕೊಳಕ್ಕೆ ಎಸೆದ.

ನೀರಿಗೆ ಬೀಳುವಾಗಲೂ ಅವು ಕೂಗಿದವು: "ಉಣ್ಣಬೇಡ, ಮೂರ್ಖ!"

ಯುವರಾಜ ಚಿನ್ನದ ಕಡ್ಡಿಗಳಿಂದ ಬಾತಿನ ತುಂಡುಗಳನ್ನೆಲ್ಲ ಎತ್ತಿ ತಿಂದ. ಆಮೇಲೆ ಬಟ್ಟಲನ್ನೇ ಎತ್ತಿ ಸಾರು ಕುಡಿದ. ಚಿನ್ನ ಕೊನೆಯವರೆಗೂ ಥಳಥಳಿಸುತ್ತಿತ್ತು.

ಮೂರನೆಯ ದಿನ ಅವನನ್ನು ಮಣ್ಣು ಮಾಡಿದರು. ಯುವರಾಜನಿಗೆ ಪ್ರಿಯವಾಗಿದ್ದವೆಂದು ಚಿನ್ನದ ಕಡ್ಡಿಗಳನ್ನೂ ಗೋರಿಯೊಳಗೆ ಇಟ್ಟು ಬಾಗಿಲು ಮುಚ್ಚಿದರು.