ಇಂಗ್ಲಿಷ್ ಪುಸ್ತಕದ ಹಕ್ಕಿಗಳು

ಹೊಳೆ ದಡದ ಮಠದಲ್ಲಿ ವಯಸ್ಸಾದ ಸಾಮಿಗಳು ಒಬ್ರಿದ್ರು, ಎಲ್ರೂ ಬುದ್ಧಿಯೋರು ಅನ್ನೋರು. ಕಣ್ಣಿಗೆ ಪೊರೆ ಬಂದು, ಎದುರಿಗಿರೋದೆಲ್ಲ ಅವರಿಗೆ ಮಂಜು ಮಂಜು.

ಮೈಸೂರಿಂದ ಬರೋ ಭಕ್ತರು ತಾವು ಓದಿ ಬಿಟ್ಟ ಇಂಗ್ಲಿಷ್ ವಾರಪತ್ರಿಕೆ ತಂದ್ಕೊಡೋರು. ಅದ್ರಲ್ಲಿರೋ ಲೋಕದ ಸುದ್ದಿ ಕೇಳೋದು ಅಂದ್ರೆ ಬುದ್ಧಿಯೋರಿಗೆ ಪ್ರಾಣ. ಸಾಮಿಗಳಿಗೆ ಯಾಕಪ್ಪ ಇಂಗ್ಲಿಷು ಅಂತ ಊರೋರು ಮೂಗು ಮುರಿದ್ರು. ಬುದ್ಧಿಯೋರು ಕೇಳ್ಬೇಕಲ್ಲ.

ಓದಿ ಕನ್ನಡದಲ್ಲಿ ಹೇಳೋ ಕೆಲ್ಸ ಶಿಷ್ಯ ಗುರುಮಲ್ಲುಗೆ ಸಿಕ್ತು. ಅಲ್ಲಿವರೆಗೂ ಮಠದ ಅಡಿಗೆಮನೇಲಿ ಕಾಯಿ ತುರೀತಿದ್ದೋನು.

"ಇಂಗ್ಲಿಷ್ ನಂಗೆ ನೀರು ಕುಡಿದಂಗೆ ಬುದ್ಧಿ" ಅಂದಿದ್ದ. ಬರ್ತಿದ್ದದ್ದು ಅರ್ಧಂಬರ್ಧ. ಆದ್ರೂ ಪತ್ರಿಕೆ ಕಂಕುಳಲ್ಲಿ ಸಿಗಿಸ್ಕೊಂಡು ಓಡಾಡೋ ಠೀವಿ ನೋಡ್ಬೇಕಿತ್ತು!

"ದೊರೆಗಳು ಬಂದ್ರು, ದಾರಿ ಬಿಡ್ರವ್ವಾ" ಅನ್ನೋಳು ಅಡಿಗೆ ಪುಟ್ಟತಾಯಮ್ಮ.

ಒಂದಿನ ಸಂಜೆ ಗುರುಮಲ್ಲು ಹೊಳೆ ಮೆಟ್ಲ ಮೇಲೆ ಬುದ್ಧಿಯೋರ ಪಕ್ಕ ಕೂತು ಓದ್ತಿದ್ದ. ಯಾವುದೋ ದೇಶದ ಕೆರೆ ವಿಷ್ಯ. ಎರಡು ಸಾಲಿಗೇ ಬಾಯಿ ಕಟ್ಟೋಯ್ತು. ಒಂದೂ ಅರ್ಥ ಆಗ್ಲಿಲ್ಲ.

ಗೊತ್ತಿಲ್ಲ ಅಂದ್ರೆ ಮತ್ತೆ ತುರಿಮಣೆ. ಪಕ್ಕದಲ್ಲಿ ಬಿಳಿ ಹಕ್ಕಿ ಚಿತ್ರ ಇತ್ತು. ಅದನ್ನೇ ಹಿಡ್ಕೊಂಡು ಶುರು ಹಚ್ಕೊಂಡ.

"ಸಾವಿರಾರು ಬಿಳಿ ಹಕ್ಕಿ ಬುದ್ಧಿ."

"ಬೆಳ್ಳಕ್ಕಿನಾ?"

"ಅಯ್ಯೋ, ಅದಕ್ಕಿಂತ ದೊಡ್ಡವು. ಬೆಳದಿಂಗಳು ಕುಡ್ಕೊಂಡೇ ಹಾರ್ತವಂತೆ. ರೆಕ್ಕೆ ಸದ್ದು ಕೇಳಿದೋರಿಗೆ ಕನಸಿಗೆ ಹೋದಂಗಾಯ್ತದಂತೆ."

"ಆಮೇಲೆ?"

"ಈ ಚಳಿಗಾಲಕ್ಕೆ ನಮ್ಮ ಹೊಳೆಗೂ ಬರ್ತವಂತೆ."

ಬುದ್ಧಿಯೋರು ಕಣ್ಮುಚ್ಚಿ, ಸುಮ್ನೆ ತಲೆದೂಗಿದ್ರು.

ಮಾರನೆ ದಿನ ಸಂಜೆ ನೋಡಿದ್ರೆ ಬುದ್ಧಿಯೋರು ಕೋಲೂರ್ಕೊಂಡು ಒಬ್ರೇ ಮೆಟ್ಲಿಗೆ ಬಂದು ಕೂತವ್ರೆ.

"ಇಲ್ಲ್ಯಾಕೆ ಬುದ್ಧಿ?"

"ಹಕ್ಕಿ ಬರ್ತವಲ್ಲ ಮಗ."

ಅವತ್ತಿಂದ ದಿನಾ ಅದೇ. ಹೊಳೆ ಮೇಲಿಂದ ಮಂಜು ಎದ್ದು ಮೆಟ್ಲು ಮೆಟ್ಲೇ ಹತ್ಕೊಂಡು ಬಂದು ಅವರನ್ನ ಮುಚ್ಚೋದು. ದೂರದಿಂದ ನೋಡಿದೋರಿಗೆ, ಅವರು ನೀರ ಮೇಲೇ ತೇಲ್ತಾ ಕೂತವ್ರೇನೋ ಅನ್ಸೋದು.

ಆಮೇಲೆ ಕೆಮ್ಮು ಹತ್ಕೊಂಡ್ತು.

"ಏನ್ಲಾ ಓದ್ದೆ ಆ ಹಾಳು ಪುಸ್ತಕದಲ್ಲಿ?" ಅಂತ ಪುಟ್ಟತಾಯಮ್ಮ ಸೌಟು ಹಿಡ್ಕೊಂಡೇ ಬಂದ್ಲು. "ಆ ಜೀವ ಚಳೀಲಿ ಹೋಗ್ಬಿಡ್ತದೆ ನೋಡು, ನಿನ್ ದೆಸೆಯಿಂದ."

ಗುರುಮಲ್ಲು ಉಣ್ತಿದ್ದ ತಟ್ಟೆ ಬಿಟ್ಟು ಎದ್ದ. ಕಂಬಳಿ, ಲಾಟೀನು ತಗೊಂಡು ಹೊಳೆಗೆ ಓಡ್ದ. ಪತ್ರಿಕೆ ಕಂಕುಳಲ್ಲೇ ಇತ್ತು, ಅಭ್ಯಾಸ ಎಲ್ಲಿ ಹೋಯ್ತದೆ?

ಬುದ್ಧಿಯೋರಿಗೆ ಕಂಬಳಿ ಹೊದಿಸ್ದ. "ಒಳಗೆ ಬನ್ನಿ ಬುದ್ಧಿ."

"ಪತ್ರಿಕೇಲಿ ಬರೆದದೆ ಅಂದ್ಯಲ್ಲ. ಇವತ್ತು ಬಂದ್ರೆ?"

ಕೆಮ್ಮು ಬಂದು ಬುದ್ಧಿಯೋರು ಎರಡಾಗಿ ಬಗ್ಗೋದ್ರು.

ಗುರುಮಲ್ಲು ಕಾಲಿಗೆ ಬಿದ್ದ. "ಬರಲ್ಲ ಬುದ್ಧಿ! ಬರಲ್ಲ! ನಂಗೆ ಅದ್ರಲ್ಲಿ ಒಂದು ಸಾಲೂ ಗೊತ್ತಾಗ್ಲಿಲ್ಲ. ಹಕ್ಕಿ ಕತೆ ನಾನೇ ಕಟ್ಟಿದ್ದು. ನಾಳೆಯಿಂದ ಕಾಯಿ ತುರೀತೀನಿ, ನೀವು ಒಳಗೆ ಬನ್ನಿ."

"ಗೊತ್ತು."

"ಹೆಂಗೆ ಬುದ್ಧಿ?"

"ಅಷ್ಟುದ್ದ ಓದಿದ್ಯಲ್ಲ ಮಗ. ಒಂದು ಹಾಳೆ ಮಗುಚಿದ ಸದ್ದೂ ಬರ್ಲಿಲ್ಲ."

ಹೊಳೆ ಸದ್ದು ಮಾಡ್ತಾ ಹರೀತಿತ್ತು. ಲಾಟೀನಿನ ಬೆಳಕು ಮಂಜಲ್ಲಿ ಬೆಳ್ಳಗೆ ಹರಡಿ, ರೆಕ್ಕೆ ಬಿಚ್ಚಿದಂಗೆ ಅಲ್ಲಾಡ್ತಿತ್ತು.

"ಏನೂ ಬರಲ್ಲ ಅಂತ ಗೊತ್ತಿದ್ದೂ ಇಷ್ಟು ದಿನ ಈ ಚಳೀಲಿ ಯಾಕೆ ಕಾದ್ರಿ?"

ಬುದ್ಧಿಯೋರು ಕಂಬಳಿ ಅರ್ಧ ಸರಿಸಿ ಪಕ್ಕದಲ್ಲಿ ಜಾಗ ಮಾಡಿದ್ರು.

"ಬಂತಲ್ಲ, ನಿನ್ ಬಾಯಿಂದ ನಿಜ. ಕೂತ್ಕೊ. ಗೊತ್ತಾಗ್ದಿರೋ ಸಾಲಿಂದ ಓದು."