ಮೂರನೆಯ ಬೀಗದ ಕೈ

"ಗುರುಗಳೇ, ಹತ್ತು ಜನರ ಸ್ವತ್ತನ್ನು ಕಾಯುವವನು ಕಳ್ಳನಲ್ಲದಿದ್ದರೆ ಅಷ್ಟು ಸಾಲದೇ?" ಎಂದು ಶಿಷ್ಯ ಕೇಳಿದ. ಅವನ ಊರಿನವರು ಹಳೆಯ ವಸ್ತುಗಳ ಒಂದು ಸಂಗ್ರಹಾಲಯ ಮಾಡಿ, ಅದಕ್ಕೆ ಧರ್ಮದರ್ಶಿಯಾಗಲು ಅವನನ್ನು ಕರೆದಿದ್ದರು. ತಾನು ಪರರ ಕಾಸು ಮುಟ್ಟುವವನಲ್ಲ ಎಂಬ ಧೈರ್ಯ ಅವನಿಗಿತ್ತು. ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಮರದ ಅಚ್ಚನ್ನು ಬಣ್ಣದಲ್ಲಿ ಅದ್ದಿ ಬಟ್ಟೆಯ ಮೇಲೆ ಚಿತ್ತಾರ ಒತ್ತುವುದು ಅವನ ಕಸುಬು. ಅವನ ಮನೆಯಲ್ಲಿ ಮುತ್ತಜ್ಜ ಕೊರೆದ ಒಂದು ಅಚ್ಚಿತ್ತು. ಬಳ್ಳಿಯೊಂದು ಸುತ್ತಿ ಬಂದು ತನ್ನ ಬುಡವನ್ನೇ ಸೇರುವ ಚಿತ್ತಾರ ಅದು. ಎಷ್ಟು ಸಲ ಒತ್ತಿದರೂ ಎರಡು ಒತ್ತುಗಳ ನಡುವೆ ಗೆರೆ ಕಾಣುತ್ತಿರಲಿಲ್ಲ. ಅಂಥದ್ದು ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಪರವೂರಿನ ವ್ಯಾಪಾರಿಯೊಬ್ಬ ಕೇಳಿದಷ್ಟು ಕೊಡುತ್ತೇನೆ ಎಂದು ಬಂದು ಕೂತ. ಬಣ್ಣಗಾರ ಮಾರಲಿಲ್ಲ. ಊರಿನದು ಊರಲ್ಲೇ ಇರಲಿ ಎಂದು, ಹೊಸದಾಗಿ ಆಗಿದ್ದ ಸಂಗ್ರಹಾಲಯಕ್ಕೆ ಕೊಟ್ಟ. ತನಗೆ ಬೇಕಾದಾಗ ಒಂದು ದಿನದ ಮಟ್ಟಿಗೆ ಕೊಡಬೇಕು ಎಂದಷ್ಟೇ ಕೇಳಿಕೊಂಡ. ಅದನ್ನು ಬರೆದುಕೊಂಡರು.

ಸಂಗ್ರಹಾಲಯಕ್ಕೆ ಮೂವರು ಧರ್ಮದರ್ಶಿಗಳು: ಒಬ್ಬ ವರ್ತಕ, ಒಬ್ಬ ವೈದ್ಯ, ಒಬ್ಬರು ಮೇಷ್ಟ್ರು. ಮೂವರೂ ಸಂಭಾವಿತರೇ. ಆದರೂ ನಾಳೆ ಯಾರೂ ಬೆರಳು ತೋರಿಸಬಾರದು ನೋಡು, ಅದಕ್ಕೇ ಅಚ್ಚು ಇಟ್ಟಿದ್ದ ಒಳಕೋಣೆಗೆ ಮೂರು ಬೀಗ ಹಾಕಿ ಒಬ್ಬೊಬ್ಬರು ಒಂದೊಂದು ಬೀಗದ ಕೈ ಇಟ್ಟುಕೊಂಡರು. ಮೂವರೂ ಸೇರದೆ ಬಾಗಿಲು ತೆಗೆಯುವಂತಿಲ್ಲ. ಮೂವರೂ ಕೂರದೆ ಸಭೆಯಿಲ್ಲ, ಸಭೆಯಿಲ್ಲದೆ ಖರ್ಚಿಲ್ಲ. ಈ ನಿಯಮವನ್ನು ಹಲಗೆಯ ಮೇಲೆ ಬರೆಸಿ ಬಾಗಿಲ ಪಕ್ಕ ತೂಗುಹಾಕಿದರು.

ಎರಡನೆಯ ವರ್ಷ ವರ್ತಕ ತೀರಿಕೊಂಡ. ಮೂರನೆಯವನನ್ನು ಆರಿಸಬೇಕಾದರೆ ಸಭೆ ಸೇರಬೇಕು. ಸಭೆ ಸೇರಬೇಕಾದರೆ ಮೂವರಿರಬೇಕು. ಉಳಿದ ಇಬ್ಬರೂ ಹಲಗೆ ಓದಿದರು, ತಲೆ ಕೆರೆದುಕೊಂಡರು, ಮನೆಗೆ ಹೋದರು. ವರ್ತಕನ ಮನೆಯವರು ಅವನ ಬೀಗದ ಕೈಗೆ ಕುಂಕುಮ ಹಚ್ಚಿ ಅವನ ಫೋಟೋದ ಕೆಳಗೆ ಇಟ್ಟಿದ್ದರು. ಸತ್ತವರ ಮನೆಗೆ ಹೋಗಿ ಹೇಗೆ ಕೇಳುವುದು ಎಂದು ಮೇಷ್ಟ್ರು ಸುಮ್ಮನಾದರು. ಮೇಷ್ಟ್ರಿಗೇ ಇಲ್ಲದ ಉಸಾಬರಿ ತನಗೇಕೆ ಎಂದು ವೈದ್ಯನೂ ಸುಮ್ಮನಾದ.

ಅದೇ ವರ್ಷದ ಮಳೆಗಾಲದಲ್ಲಿ ಒಳಕೋಣೆಯ ಮೇಲೆ ನಾಲ್ಕು ಹೆಂಚು ಒಡೆದವು. ಗೋಡೆಗುಂಟ ನೀರು ಇಳಿಯಿತು. ಹೊಸ ಹೆಂಚಿಗೆ ಹಣವಿತ್ತು, ಖರ್ಚು ಮಾಡಲು ಸಭೆಯಿರಲಿಲ್ಲ. ವರ್ಷದ ಲೆಕ್ಕಪತ್ರ ಮಾತ್ರ ತಪ್ಪದೆ ಹೊರಬಾಗಿಲಿಗೆ ಅಂಟುತ್ತಿತ್ತು: ಬಂದ ಬಡ್ಡಿ ಇಷ್ಟು, ಖರ್ಚು ಇಲ್ಲ. ಊರವರು ಓದಿ ತಲೆದೂಗಿದರು. ಒಂದು ಕಾಸೂ ಪೋಲಾಗದ ಸಂಸ್ಥೆ ಇನ್ನೆಲ್ಲಿದೆ ಎಂದು ಇಬ್ಬರಿಗೂ ಶಾಲು ಹೊದಿಸಿದರು.

ಆ ಹೊತ್ತಿಗೆ ಬಣ್ಣಗಾರನ ಕಣ್ಣು ಮಂಜಾಗತೊಡಗಿತ್ತು. ಪೂರಾ ಹೋಗುವ ಮೊದಲು ಆ ಅಚ್ಚನ್ನು ಎದುರಿಟ್ಟುಕೊಂಡು ಅಂಥದ್ದೇ ಇನ್ನೊಂದನ್ನು ಕೊರೆಯಲು ಮಗಳಿಗೆ ಕಲಿಸಬೇಕು, ಅವನಿಗಿದ್ದದ್ದು ಅದೊಂದೇ ಆಸೆ. ಬಟ್ಟೆಯ ಮೇಲೆ ಚಿತ್ತಾರ ಕಾಣುತ್ತದೆ, ಕೊರೆತದ ಆಳ ಕಾಣುವುದಿಲ್ಲ. ಅದನ್ನು ಅಚ್ಚು ಮುಟ್ಟಿಯೇ ಕಲಿಯಬೇಕು. ಅವನು ಮೇಷ್ಟ್ರ ಮನೆಗೆ ಹೋದ.

"ಒಂದೇ ಒಂದು ದಿನಕ್ಕೆ ಕೊಡಿ ಮೇಷ್ಟ್ರೇ. ನನ್ನ ಕಣ್ಣು ಇನ್ನು ಹೆಚ್ಚು ದಿನ ಇರೋ ಹಾಗಿಲ್ಲ."

"ಸಭೆ ಆಗ್ಲಿ, ತಡಿಯಪ್ಪ. ನಿಯಮ ಮುರಿದ್ರೆ ನಾಳೆ ನಮ್ಮನ್ನೇ ಕಳ್ಳರು ಅಂತಾರೆ."

ಮೂರು ವರ್ಷ ಅವನು ತಿಂಗಳಿಗೊಮ್ಮೆ ಹೋದ. ಮೊದಮೊದಲು ಒಬ್ಬನೇ ಹೋಗುತ್ತಿದ್ದ, ಆಮೇಲೆ ಮಗಳ ಹೆಗಲು ಹಿಡಿದು ಹೋದ. ಕಣ್ಣು ಹೋದರೇನು, ಬೆರಳಿಗೆ ನೆನಪಿದೆ ಎಂದು ದಾರಿಯುದ್ದಕ್ಕೂ ಅವಳಿಗೆ ಹೇಳುತ್ತಿದ್ದ. ಅವನಿಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ತಿಳಿಯುತ್ತಿರಲಿಲ್ಲ. ಆ ಇಬ್ಬರೂ ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಮರ್ಯಾದೆಯಿಂದಲೇ ಕಳಿಸುತ್ತಿದ್ದರು.

ಕೊನೆಗೊಂದು ದಿನ ಅವನೇ ವರ್ತಕನ ಮನೆಯ ಬಾಗಿಲಿಗೆ ಹೋಗಿ ನಿಂತ. ವರ್ತಕನ ಹೆಂಡತಿ ಫೋಟೋದ ಕೆಳಗಿದ್ದ ಬೀಗದ ಕೈಯನ್ನು ಸೆರಗಿನಲ್ಲಿ ಒರೆಸಿ ಅವನ ಅಂಗೈಯಲ್ಲಿಟ್ಟಳು.

"ತಗೊಂಡು ಹೋಗಣ್ಣ. ಇಷ್ಟು ವರ್ಷದಲ್ಲಿ ಯಾರೂ ಬಂದು ಕೇಳಲೇ ಇಲ್ವಲ್ಲ" ಎಂದಳು.

ಅವನು ಅದನ್ನು ಹಿಡಿದುಕೊಂಡು ಸಂಗ್ರಹಾಲಯದ ಹೊಸ್ತಿಲ ಮೇಲೆ ಕೂತ. ಏಳು ಎಂದರೆ ಏಳಲಿಲ್ಲ. ಜನ ಸೇರಿದರು. ನಾಚಿಕೆಗೆ ಬಿದ್ದು ವೈದ್ಯನೂ ಮೇಷ್ಟ್ರೂ ತಮ್ಮ ತಮ್ಮ ಬೀಗದ ಕೈ ತಂದರು. ಮೇಷ್ಟ್ರು ತಿಂಗಳಿಗೊಮ್ಮೆ ತಪ್ಪದೆ ಎಣ್ಣೆ ಬಿಡುತ್ತಿದ್ದರಿಂದ ಮೂರು ಬೀಗಗಳೂ ಸಲೀಸಾಗಿ ತೆರೆದುಕೊಂಡವು.

ಅಚ್ಚು ಇಟ್ಟ ಜಾಗದಲ್ಲೇ ಇತ್ತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಬಣ್ಣಗಾರ ಎರಡೂ ಕೈ ಚಾಚಿ ಅದನ್ನು ಎತ್ತಿಕೊಂಡ. ತೂಕವೇ ಇರಲಿಲ್ಲ. ಬಳ್ಳಿಯ ತಿರುವು ಹುಡುಕುತ್ತ ಬೆರಳಾಡಿಸಿದ, ಬೆರಳು ಒಳಗಿಳಿಯಿತು. ಗೆದ್ದಲು ಮೇಲಿನ ಸಿಪ್ಪೆಯನ್ನಷ್ಟೇ ಬಿಟ್ಟು ಮಿಕ್ಕಿದ್ದನ್ನೆಲ್ಲ ತಿಂದಿತ್ತು. ಬೊಗಸೆಯಲ್ಲಿ ಉಳಿದದ್ದು ಮಣ್ಣು. ಅವನಿಗೆ ಅದು ಕಾಣಲಿಲ್ಲ.

"ಎಲ್ಲಿ ಮಗಳೇ, ಕೆಳಗೆ ಬಿತ್ತಾ?" ಎಂದು ಕೇಳಿದ.

ಮಗಳು ಅವನ ಕೈ ಒರೆಸಿ ಮನೆಗೆ ಕರೆದುಕೊಂಡು ಹೋದಳು. ಆ ಬಳ್ಳಿಯನ್ನು ಆಮೇಲೆ ಆ ಊರಿನಲ್ಲಿ ಯಾರೂ ಒತ್ತಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಅವರು ಒಂದು ಕಾಸನ್ನೂ ಮುಟ್ಟಲಿಲ್ಲವಲ್ಲ. ಕಳ್ಳರಂತೂ ಅಲ್ಲ" ಎಂದ.

ಗುರುಗಳು ಹೇಳಿದರು: "ಕಳ್ಳ ಒಯ್ದಿದ್ದರೆ ಆ ಅಚ್ಚು ಇವತ್ತಿಗೂ ಎಲ್ಲಾದರೂ ಇರುತ್ತಿತ್ತು."